ಆ ಊರಿನಲ್ಲಿ ಮಡಿಯಾಗಿದ್ದ ಒಂದೇ ಚಾಕು

ಹೊರಟದ್ದು

ಫ್ರಾನ್ಸಿಗೆ ಹೋಗಿ ಬಂದೆ ಅಂದ ತಕ್ಷಣ ಎಲ್ಲರೂ ಕೇಳುವುದು ಆ ಕಬ್ಬಿಣದ ಗೋಪುರದ ವಿಷಯ. ನಾನು ಅದನ್ನು ನೋಡಲಿಲ್ಲ. ವಿಮಾನ ಅದರ ಅಕ್ಕಪಕ್ಕ ಎಲ್ಲೋ ಹಾದು ಹೋಗುವಾಗ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದೆನಂತೆ. ಆ ಒಂದು ವಾರದಲ್ಲಿ ನಾನು ಮನಸ್ಸಿಟ್ಟು ನೋಡಿದ್ದು ಒಂದು ಚಾಕುವನ್ನು, ಒಬ್ಬ ಮುದುಕಿಯನ್ನು, ಮತ್ತು ನನ್ನ ಸೋದರಮಾವನ ಬೆನ್ನನ್ನು. ಬೆನ್ನು ಯಾಕೆ ಅಂದರೆ, ಮಾವ ಮೂರು ದಿನ ನನ್ನ ಕಡೆಗೆ ಮುಖ ತಿರುಗಿಸಲಿಲ್ಲ.

ಮಾವನನ್ನು ಚಾಮರಾಜಪೇಟೆಯಲ್ಲಿ ಅಡುಗೆ ಸೀನಣ್ಣ ಅನ್ನುತ್ತಾರೆ. ಮದುವೆ, ಮುಂಜಿ, ಸೀಮಂತ, ಯಾವುದೇ ಆಗಲಿ, ಮೂವತ್ತು ವರ್ಷದಿಂದ ನಮ್ಮ ಸುತ್ತಮುತ್ತಲ ಛತ್ರಗಳಲ್ಲಿ ಹುಳಿಯ ಪರಿಮಳ ಎದ್ದರೆ ಅದರ ಕೆಳಗೆ ಮಾವ ಇರುತ್ತಾರೆ. ನಾನು ಅವರ ಹತ್ತಿರ ಬಡಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಬಿ.ಕಾಂ. ಮುಗಿದಿತ್ತು, ಅಂದರೆ ಬಿ.ಕಾಂ. ನನ್ನನ್ನು ಮುಗಿಸಿತ್ತು. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಎರಡು ಹಾಡುಗಳ ನಡುವೆ ಮಿಮಿಕ್ರಿ ಮಾಡುತ್ತಿದ್ದೆ. ಬಸ್ ಕಂಡಕ್ಟರು, ಪುರೋಹಿತರು, ಪಕ್ಕದ ಮನೆಯ ಪ್ರೆಶರ್ ಕುಕ್ಕರು, ಎಲ್ಲ ಬರುತ್ತಿತ್ತು. ಕೆಲಸ ಮಾತ್ರ ಬರುತ್ತಿರಲಿಲ್ಲ.

ಮಲ್ಲೇಶ್ವರದ ರಂಗನಾಥ ರಾಯರ ಮಗಳು ವಸುಧಾ ಫ್ರಾನ್ಸಿನಲ್ಲಿ ನೇಯ್ಗೆ ಕಲಿಯಲು ಹೋದವಳು ಅಲ್ಲಿಯ ಒಬ್ಬ ಸ್ಕೂಲ್ ಮೇಷ್ಟ್ರನ್ನು ಒಪ್ಪಿಕೊಂಡಳು. ಮದುವೆ ಗಂಡಿನ ಊರಲ್ಲಿ, ಊಟ ನಮ್ಮದು ಅಂತ ಮಾತಾಯಿತು. ರಾಯರು ಬ್ಯಾಂಕಿನ ನಿವೃತ್ತ ಮ್ಯಾನೇಜರು. ಮಲ್ಲೇಶ್ವರದವರು ಚಾಮರಾಜಪೇಟೆಗೆ ಬಂದು ಅಡುಗೆಯವರನ್ನು ಕೇಳುವುದೇ ಒಂದು ಘಟನೆ. ಮಾವ ಅದನ್ನು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. "ಅವ್ರ ಕಡೆ ಕಾಫಿ ಚೆನ್ನಾಗಿ ಮಾಡ್ತಾರೆ. ಹುಳಿಗೆ ನಮ್ಮನ್ನೇ ಕರೀಬೇಕು."

ಮಾವ ಮಸಾಲೆ ಡಬ್ಬ ಮರೆತರೂ ಮರೆಯದ ಒಂದು ವಸ್ತು ಅವರ ಈಳಿಗೆ ಮಣೆ. ತಂದೆಯ ಕಾಲದ್ದು. ಸವೆದು ನುಣುಪಾದ ಹಲಸಿನ ಹಲಗೆ, ಅದರ ಮೇಲೆ ಎದ್ದು ನಿಂತ ಬಾಗು ಕತ್ತಿ, ತುದಿಯಲ್ಲಿ ಕಾಯಿ ತುರಿಯುವ ಹಲ್ಲು. ಅತ್ತೆಯ ಹಳೆಯ ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿಟ್ಟರು. ಒಟ್ಟು ಸೂಟ್‌ಕೇಸಿನಲ್ಲಿ ಸೀರೆ ಉಟ್ಟಿದ್ದು ಅದೊಂದೇ.

ಯಾವ ಊರಿನದು ಅಂತ ನಾನು ಹೇಳದ ವಿಮಾನ ನಿಲ್ದಾಣ

ಇಳಿದ ಕಡೆ ತಪಾಸಣೆಯ ಅಧಿಕಾರಿ ಸೂಟ್‌ಕೇಸು ತೆರೆಸಿದ. ಸೀರೆ ಬಿಚ್ಚಿದ. ಒಳಗಿನದನ್ನು ನೋಡಿ ಸೀರೆಯನ್ನು ಮತ್ತೆ ಹೊದಿಸಿದ. ಆಮೇಲೆ ಧೈರ್ಯ ಮಾಡಿ ಇನ್ನೊಮ್ಮೆ ಬಿಚ್ಚಿ, ಇದೇನು ಅಂತ ಕೇಳಿದ.

ಮಾವ ನಿಧಾನವಾಗಿ ಅಂದರು, "ವೆಜಿಟಬಲ್."

ಅಷ್ಟಕ್ಕೇ ಬಿಟ್ಟಿದ್ದರೆ ಆಗಿಬಿಡುತ್ತಿತ್ತೇನೋ. ಆತ ತಲೆಯಾಡಿಸುತ್ತಲೂ ಇದ್ದ. ಆದರೆ ಹಿಂದೆ ನಲವತ್ತು ಜನ ಸಾಲಾಗಿ ನಿಂತಿದ್ದರು, ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಅಷ್ಟು ಜನ ಒಟ್ಟಿಗೆ ನೋಡಿದರೆ ನನಗೆ ಸುಮ್ಮನಿರಲು ಬರುವುದಿಲ್ಲ. "ನಾನು ತೋರಿಸ್ತೀನಿ ಮಾವ" ಅಂದೆ. ನೆಲದ ಮೇಲೆ ಮಣೆ ಇಟ್ಟು ಒಂದು ಕಾಲು ಮಡಿಸಿ ಕೂತೆ. ಹೆಚ್ಚಲು ತರಕಾರಿ ಇರಲಿಲ್ಲ. ಕುಂಬಳಕಾಯಿಗೆ ಬದಲು ನನ್ನ ತಲೆಯನ್ನೇ ಎರಡೂ ಕೈಯಲ್ಲಿ ಹಿಡಿದು, ಕತ್ತಿಯ ಕಡೆಗೆ ಬಗ್ಗಿಸಿ, ಬಾಯಲ್ಲಿ "ಕರಕ್" ಅಂತ ಶಬ್ದವನ್ನೂ ಮಾಡಿದೆ. ಶಬ್ದ ಬಹಳ ಚೆನ್ನಾಗಿ ಬಂತು.

ಇನ್ನೂ ಐದು ಜನ ಅಧಿಕಾರಿಗಳು ಬಂದರು.

ಅವರು ಒರಟಾಗಿ ನಡೆದುಕೊಳ್ಳಲಿಲ್ಲ, ಪಾಪ. ವಾಪಸು ಹೋಗುವಾಗ ತೆಗೆದುಕೊಂಡು ಹೋಗಿ ಅಂತ ಚೀಟಿ ಬರೆದು ಮಾವನ ಕೈಗೆ ಕೊಟ್ಟರು. ಮಾವ ಚೀಟಿಯನ್ನು ಮಡಚಿ ಜನಿವಾರದ ಪಕ್ಕ, ಬನಿಯನ್ನಿನೊಳಗೆ ಇಟ್ಟುಕೊಂಡರು. ನಮ್ಮನ್ನು ಕರೆದೊಯ್ಯಲು ಬಂದಿದ್ದ ರಾಯರ ಹತ್ತಿರ ಅಂದರು, "ರಾಯರೇ, ಆ ಮಹಾನುಭಾವನಿಗೆ ಹೇಳಿ, ನನ್ ಬ್ಯಾಗ್ ಮುಟ್ಟಬಾರ್ದು ಅಂತ." ಆ ಮಹಾನುಭಾವ ಅಂದರೆ ನಾನು, ಪಕ್ಕದಲ್ಲೇ, ಬ್ಯಾಗ್ ಹಿಡಿದುಕೊಂಡೇ ನಿಂತಿದ್ದೆ.

ಮೌನವನ್ನೂ ನಾನು ಮಿಮಿಕ್ರಿ ಮಾಡಬಲ್ಲೆ. ಮಾವನ ಮೌನವನ್ನು ಮಾಡಲಾಗಲಿಲ್ಲ.

ಅಡುಗೆಮನೆ

ಗಂಡಿನ ಊರು ಬೆಟ್ಟದ ಮಗ್ಗುಲಲ್ಲಿ. ಹೆಸರು ತಿಯೇರ್. ಊರಿಗೆ ಊರೇ ಚಾಕು ಮಾಡುತ್ತದೆ. ಅವೆನ್ಯೂ ರಸ್ತೆಯಲ್ಲಿ ಒಂದರ ಪಕ್ಕ ಒಂದು ಪುಸ್ತಕದ ಅಂಗಡಿ ಇರುವ ಹಾಗೆ ಅಲ್ಲಿ ಒಂದರ ಪಕ್ಕ ಒಂದು ಚಾಕುವಿನ ಅಂಗಡಿ. ವ್ಯತ್ಯಾಸ ಒಂದೇ, ಅಲ್ಲಿ ಯಾರೂ ಕೈ ಹಿಡಿದು ಎಳೆದು "ಏನ್ ಬೇಕು ಸಾರ್" ಅನ್ನುವುದಿಲ್ಲ. ಕೈಯಲ್ಲಿ ಚಾಕು ಹಿಡಿದವರು ಹಾಗೆ ಎಳೆದರೆ ಚೆನ್ನಾಗಿರುವುದಿಲ್ಲ, ಅದೂ ಸರಿಯೇ.

ಊಟ ಊರ ಸಭಾಂಗಣದಲ್ಲಿ, ತೊಂಬತ್ತು ಎಲೆ. ಎಲೆ ಅಂದರೆ ತಟ್ಟೆ. ಅಡುಗೆಮನೆ ಹೊಳೆಯುತ್ತಿತ್ತು. ಗೋಡೆಯ ಮೇಲೆ ಸಾಲಾಗಿ ಹನ್ನೆರಡು ಚಾಕು. ಮಾವ ಕೈ ಹಿಂದಕ್ಕೆ ಕಟ್ಟಿಕೊಂಡು ಅವುಗಳ ಮುಂದೆ ನಿಂತರು.

"ರಾಯರೇ, ಇವುಗಳಲ್ಲಿ ಮಾಂಸ ಹೆಚ್ಚಿದಾರಾ?"

ರಾಯರು ಗಂಟಲು ಸರಿ ಮಾಡಿಕೊಂಡರು. "ತೊಳೆದಿರ್ತಾರೆ ಸೀನಣ್ಣ."

"ತೊಳೆದಿರ್ತಾರೆ. ಮರೆತಿರಲ್ಲ."

ಮಾವ ಒಂದನ್ನೂ ಮುಟ್ಟಲಿಲ್ಲ. ರಾಯರು ಓಡಿಹೋಗಿ ಎರಡು ಹೊಸ ಚಾಕು ತಂದುಕೊಟ್ಟರು. ಸಮಸ್ಯೆ ಆಗ ನಿಜವಾಗಿ ಶುರುವಾಯಿತು. ಮಾವ ಜೀವಮಾನದಲ್ಲಿ ಕೈಯಲ್ಲಿ ಚಾಕು ಹಿಡಿದು ತರಕಾರಿ ಹೆಚ್ಚಿದವರಲ್ಲ. ನಮ್ಮ ಕಡೆ ಕತ್ತಿ ಕದಲುವುದಿಲ್ಲ, ಕೂತಲ್ಲಿ ಕೂತಿರುತ್ತದೆ; ತರಕಾರಿಯೇ ಎರಡು ಕೈಯಲ್ಲಿ ಅದರ ಹತ್ತಿರ ಹೋಗುತ್ತದೆ, ದೊಡ್ಡವರ ಹತ್ತಿರ ಹೋದ ಹಾಗೆ. ಈ ದೇಶದಲ್ಲಿ ತರಕಾರಿ ಮಲಗಿರುತ್ತದೆ, ಕತ್ತಿ ಬಂದು ಬಂದು ಮುಟ್ಟುತ್ತದೆ. ಮಾವ ಹುರುಳಿಕಾಯಿ ಹಿಡಿದು ಒಂದು ಗಂಟೆ ಒದ್ದಾಡಿದರು. ಆದದ್ದು ಒಂದು ಬೊಗಸೆ, ಅದರಲ್ಲೂ ಒಂದೊಂದು ಒಂದೊಂದು ಉದ್ದ. ಕೊನೆಗೆ ಹೆಬ್ಬೆರಳನ್ನು ಕುಯ್ದುಕೊಂಡು ಬಾಯಿಗಿಟ್ಟುಕೊಂಡರು. ನೂರಾರು ಮದುವೆಗಳಲ್ಲಿ ಮಾತಾಡುತ್ತಾ, ಬಯ್ಯುತ್ತಾ, ಒಮ್ಮೊಮ್ಮೆ ಕಣ್ಣು ಮುಚ್ಚಿಕೊಂಡೂ ಹೆಚ್ಚಿದ ಮನುಷ್ಯ. ಬಾಯಲ್ಲಿ ಬೆರಳಿಟ್ಟುಕೊಂಡು ನಿಂತಾಗ ಸ್ಕೂಲಿಗೆ ಹೊಸದಾಗಿ ಸೇರಿಸಿದ ಮಗುವಿನ ಹಾಗೆ ಕಂಡರು.

ರಾಯರು ಮೆಲ್ಲಗೆ ಅಂದರು, "ಸೀನಣ್ಣ, ತಿಳಿಸಾರು ಅನ್ನ ಮಾಡಿಬಿಡೋಣ. ಇವ್ರಿಗೇನ್ ಗೊತ್ತಾಗತ್ತೆ."

"ಇವ್ರಿಗೆ ಗೊತ್ತಾಗಲ್ಲ. ನಿಮ್ ಮಗಳಿಗೆ ಗೊತ್ತಾಗತ್ತೆ. ಹುಳಿ ಇಲ್ದೆ ಮದುವೆ ಮಾಡಿ ಕಳಿಸಿದ್ರು ಅಂತ ಆ ಮಗು ಜನ್ಮಪೂರ್ತಿ ನೆನಸ್ಕೊಂಡಿರತ್ತೆ. ಕುಂಬಳಕಾಯಿ ಆರು ಬಂದಿದೆ, ನೋಡಿ ಅಲ್ಲಿ. ಹೆಚ್ಚೋದ್ ಹೇಗೆ ಅಂತ ಆ ಮಹಾನುಭಾವನ್ನ ಕೇಳಿ. ಅವ್ನಿಗೆ ಗೊತ್ತಿದೆ."

ಮದುವೆಗೆ ಒಂದೂವರೆ ದಿನ ಉಳಿದಿತ್ತು. ಆರು ಸಿಹಿಗುಂಬಳಕಾಯಿ ಅಡುಗೆಮನೆಯ ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದವು. ನಾನೂ ಹೊಸ ಚಾಕು ಹಿಡಿದು ನೋಡಿದೆ. ಅಲ್ಲಿಯ ಅಡುಗೆಯವರು ಟಕಟಕ ಹೆಚ್ಚುವ ಶಬ್ದ ಐದೇ ನಿಮಿಷದಲ್ಲಿ ನನ್ನ ಬಾಯಿಗೆ ಬಂತು. ಕೈಗೆ ಬರಲಿಲ್ಲ.

ಕಿಟಕಿಯ ಮುಂದೆ

ಮಧ್ಯಾಹ್ನ ಮೂವರೂ ಬೀದಿ ಸುತ್ತುತ್ತಾ ಹೊರಟೆವು. ಮುಂದೆ ಮಾವ, ಮಧ್ಯೆ ಸೇತುವೆಯ ಹಾಗೆ ರಾಯರು, ಹಿಂದೆ ನಾನು. ಇಳಿಜಾರಿನ ತಿರುವಿನಲ್ಲಿ ಒಂದು ಹಳೆಯ ಅಂಗಡಿ. ಮಾವ ಅದರ ಕಿಟಕಿಯ ಮುಂದೆ ನಿಂತವರು ಮುಂದಕ್ಕೆ ಹೋಗಲೇ ಇಲ್ಲ.

ಕಿಟಕಿಯಲ್ಲಿ ಒಂದು ಮಡಚುವ ಚಾಕು. ಮಡಚುವ ಚಾಕು ಅಂದರೆ ಜೇಬಿನಲ್ಲಿ ಇಟ್ಟುಕೊಂಡು ಪೆನ್ಸಿಲ್ ಕೆತ್ತುವಂಥದ್ದು ಅಂದುಕೊಳ್ಳಬೇಡಿ. ಅದರ ಹಿಡಿಯೇ ಒಂದೂವರೆ ಮೊಳ. ಜೇನಿನ ಬಣ್ಣದ ಕೊಂಬು, ಎರಡು ಕಡೆಯೂ ಹಿತ್ತಾಳೆಯ ಕಟ್ಟು. ಹಿಡಿಯನ್ನು ದಪ್ಪ ಮರದ ಹಲಗೆಗೆ ಅಡ್ಡಡ್ಡ ಬಿಗಿದಿದ್ದರು. ಬಾಯಿ ಅರ್ಧ ಮಾತ್ರ ತೆರೆದು, ಅಲಗು ನೆಟ್ಟಗೆ ಆಕಾಶ ನೋಡುತ್ತಿತ್ತು. ಹಾಗೇ ನಿಂತಿರಲಿ ಅಂತ ಕೀಲಿನಲ್ಲಿ ಒಂದು ಕಬ್ಬಿಣದ ಗೂಟ ಹೊಡೆದಿದ್ದರು.

ನನಗೆ ನೋಡಿದ ಕೂಡಲೇ ಅದು ಬೇಕು ಅನ್ನಿಸಿತು. ಯಾಕೆ ಅಂದರೆ ಉತ್ತರವಿಲ್ಲ. ದೊಡ್ಡದಾಗಬಾರದ ವಸ್ತು ದೊಡ್ಡದಾದರೆ ಅದಕ್ಕೊಂದು ಮರುಳು. ಮಾಮೂಲ್‌ಪೇಟೆಯ ಒಂದು ಬೀಗದಂಗಡಿಯ ಮುಂದೆ ತಗಡಿನ ಬೀಗ ನೇತಾಡುತ್ತಿತ್ತು, ಕರುವಿನಷ್ಟು ದೊಡ್ಡದು. ಅದನ್ನು ನೋಡಲೆಂದೇ ನಾನು ಚಿಕ್ಕವನಿದ್ದಾಗ ಸುತ್ತಿ ಬಳಸಿ ಸ್ಕೂಲಿಗೆ ಹೋಗುತ್ತಿದ್ದೆ. ಅದೇ ಮರುಳು. ಈ ಚಾಕುವನ್ನು ನಮ್ಮ ಮನೆಯ ಗೋಡೆಗೆ ಹಾಕಿ, ಬಂದವರಿಗೆಲ್ಲ ಸುಮ್ಮನೆ "ಅದಾ? ಫ್ರಾನ್ಸಿನದು" ಅಂದುಬಿಡಬಹುದು. ಆದರೆ ಬುದ್ಧಿ ಇನ್ನೊಂದು ಕಡೆಯಿಂದ ಜಗ್ಗುತ್ತಿತ್ತು. ಜೇಬಿಗೆ ಹೋಗಲಿ ಅಂತ ತಾನೆ ಚಾಕುವನ್ನು ಮಡಚುವುದು? ಯಾವ ಜೇಬಿಗೂ ಹೋಗದಿದ್ದರೆ ಮಡಚಿ ಏನು ಪ್ರಯೋಜನ? ಕೊಡೆಯನ್ನು ಮನೆಯಷ್ಟು ದೊಡ್ಡದು ಮಾಡಿ, ಅದಕ್ಕೊಂದು ಬಟನ್ ಇಟ್ಟ ಹಾಗೆ.

ಇದನ್ನೇ ರಾಯರಿಗೆ ಹೇಳಿದೆ, ಮಾವನಿಗೆ ಕೇಳಿಸುವ ಹಾಗೆ. ಮಾವ ಗಾಜಿನ ಕಡೆಗೇ ಮುಖ ಮಾಡಿಕೊಂಡು ಉತ್ತರ ಕೊಟ್ಟರು.

"ರಾಯರೇ, ಅವ್ನಿಗೆ ಹೇಳಿ, ಮಡಚೋದು ಜೇಬಿಗಲ್ಲ ಅಂತ. ಅಂಬೆಗಾಲಿಡೋ ಮಕ್ಕಳಿರೋ ಮನೇಲಿ ಕತ್ತಿ ಹೀಗೆ ನಿಂತಿದ್ರೆ ಏನ್ ಗತಿ? ನಮ್ಮತ್ತಿಗೆ ಮನೇಲಿ ಮಡಚೋ ಈಳಿಗೆ ಮಣೆ ಇಲ್ವಾ?" ಗಾಜಿಗೆ ಬೆರಳು ತಾಗಿಸಿ ತೋರಿಸಿದರು. "ಇದು ಅದೇ."

ರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಾನೂ ಬಗ್ಗಿ ನೋಡಿದೆ. ಹಲಗೆ ಇದೆ. ಹಲಗೆಯ ಮೇಲೆ ಎದ್ದು ನಿಂತ ಅಲಗಿದೆ. ಬಾಯಿ ಕೂರುವವರ ಕಡೆಗಿದೆ. ಕಾಯಿ ತುರಿಯುವ ಹಲ್ಲೊಂದು ಇಲ್ಲ, ಅಷ್ಟೇ.

"ಇನ್ನೂ ಒಂದು ಕೇಳಿ ರಾಯರೇ, ಒಳಗ್ ಹೋಗಿ," ಅಂದರು ಮಾವ. "ಇದು ಮಾಂಸ ಕುಯ್ದಿದ್ಯಾ?"

ಮದಾಮ್ ಅಂಗಡಿ

ಅಂಗಡಿಯಾಕೆಗೆ ಎಪ್ಪತ್ತರ ಮೇಲೆ. ಎಲ್ಲರೂ ಮದಾಮ್ ಅನ್ನುತ್ತಿದ್ದರು, ನಾವೂ ಅಂದೆವು. ಇಂಗ್ಲಿಷು ಸ್ವಲ್ಪ ಬರುತ್ತಿತ್ತು. ಆದರೆ ರಾಯರ ಬ್ಯಾಂಕಿನ ಇಂಗ್ಲಿಷು ಆಕೆಗೆ ಅರ್ಥವಾಗಲಿಲ್ಲ. ಅದೇ ಮಾತನ್ನು ನಾನು ಫ್ರಾನ್ಸಿನವರ ಧಾಟಿಯಲ್ಲೇ, ಅರ್ಧ ಮೂಗಿನಲ್ಲಿ, ಭುಜ ಎತ್ತಿ ಇಳಿಸಿ ಹೇಳಿದೆ. ತಕ್ಷಣ ಅರ್ಥವಾಯಿತು. ಹೀಗಾಗಿ ಒಂದು ಸಾಲು ಏರ್ಪಟ್ಟಿತು. ಮಾವ ರಾಯರಿಗೆ ಹೇಳುವರು, ರಾಯರು ನನಗೆ ಹೇಳುವರು, ನಾನು ಮದಾಮ್‌ಗೆ ಹೇಳುವುದು. ನಾಲ್ವರೂ ಒಂದೇ ಚಾಪೆಯ ಮೇಲೆ ಕೂರುವಷ್ಟು ಹತ್ತಿರ ನಿಂತಿದ್ದೆವು.

ಮದಾಮ್ ಹೇಳಿದ್ದು ಇಷ್ಟು: ಅದನ್ನು ಮಾಡಿದ್ದು ಆಕೆಯ ಅಪ್ಪ. ಮಾರಲಿಕ್ಕಲ್ಲ, ಕಿಟಕಿಗೆ. ಊರಿನವರೆಲ್ಲ ಒಬ್ಬರನ್ನೊಬ್ಬರು ಮೀರಿಸುವ ಚಾಕು ಮಾಡುತ್ತಿದ್ದ ಕಾಲದಲ್ಲಿ ಒಂದು ಪೂರ್ತಿ ಚಳಿಗಾಲ ಕೂತು ಮಾಡಿದ್ದು. ಅದು ಮಾಂಸವಿರಲಿ, ಬೆಣ್ಣೆಯನ್ನೂ ಕುಯ್ದಿಲ್ಲ. ಹುಟ್ಟಿದ ದಿನದಿಂದ ಏನನ್ನೂ ಕುಯ್ದಿಲ್ಲ. ಇದನ್ನು ಹೇಳುವಾಗ ಆಕೆಯ ದನಿ ಸ್ವಲ್ಪ ತಗ್ಗಿತು, ಮದುವೆಯಾಗದೆ ಉಳಿದ ಮಗಳ ವಿಷಯ ಹೇಳುವವರ ಹಾಗೆ.

ನಾನು ಕನ್ನಡದಲ್ಲಿ ಹೇಳಿದೆ. ಮಾವನ ಮುಖ ಅರಳಿತು. ರಾಯರ ತೋಳು ಹಿಡಿದುಕೊಂಡರು. "ಈ ಊರಲ್ಲೆಲ್ಲಾ ಮಡಿಯಾಗಿರೋ ಚಾಕು ಇದೊಂದೇ ರಾಯರೇ. ಒಂದ್ ದಿನಕ್ಕೆ ಕೇಳಿ. ಬರೀ ಒಂದ್ ದಿನ."

ಮದಾಮ್ ತಲೆ ಅಲ್ಲಾಡಿಸಿದರು. ಆಗುವುದಿಲ್ಲ. ಅಷ್ಟಕ್ಕೂ ಅದರಿಂದ ಏನು ಮಾಡುತ್ತೀರಿ?

ರಾಯರು, ಮದಾಮ್ ಇಬ್ಬರೂ ನನ್ನ ಕಡೆ ನೋಡಿದರು. ನಾನು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿ ಭದ್ರವಾಗಿಟ್ಟುಕೊಂಡೆ.

ಆಗ ಮಾವ ತಾವೇ ಮುಂದೆ ಬಂದರು. ಮದಾಮ್ ಕಡೆ ನೋಡಿ ಅಪ್ಪಣೆ ಕೇಳುವ ಹಾಗೆ ತಲೆಬಾಗಿಸಿ, ಹಲಗೆಯನ್ನು ಎತ್ತಿ ನೆಲದ ಮೇಲಿಟ್ಟರು. ಕೋಟಿನ ಕೆಳಗೆ ಉಟ್ಟಿದ್ದ ಪಂಚೆಯನ್ನು ಮೇಲೆತ್ತಿ, ಒಂದು ಕಾಲು ಮಡಿಸಿ ಹಲಗೆಯ ಮೇಲಿಟ್ಟು ಕೂತರು. ಕೈ ಚಾಚಿದರು. ಮದಾಮ್ ಒಳಗೆ ಹೋಗಿ ಒಂದು ಕ್ಯಾರೆಟ್ ತಂದುಕೊಟ್ಟರು. ಅಲಗು ಮೊಂಡಾಗಿತ್ತು. ಆದರೂ ಮಾವ ಕ್ಯಾರೆಟ್ಟನ್ನು ಎರಡು ಕೈಯಲ್ಲಿ ಹಿಡಿದು ಒತ್ತಿದರು, ಒಂದು ಬಿಲ್ಲೆ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಮಾವ ಬಿಲ್ಲೆಗಳನ್ನು ನೋಡಲೇ ಇಲ್ಲ, ರಾಯರ ಹತ್ತಿರ ಮಾತಾಡುತ್ತಾ ಹೆಚ್ಚುತ್ತಾ ಹೋದರು. ಎಲ್ಲ ಒಂದೇ ದಪ್ಪ.

ಮದಾಮ್ ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ ನೋಡಿದರು. ಯಾಕೆ ಹೀಗೆ ಅಂತ ಕೇಳಿದರು. ಮಾವನ ಉತ್ತರ ಸಾಲಿನಲ್ಲಿ ಬಂತು: "ಎರಡು ಕೈಯೂ ತರಕಾರಿ ಮೇಲಿರತ್ತೆ. ಕತ್ತಿ ಎಲ್ಲಿದೆ ಅಂತ ಹುಡುಕ್ಬೇಕಾಗಿಲ್ಲ. ಅದು ಎಲ್ಲೂ ಹೋಗಲ್ಲ."

ಮದಾಮ್ ನಗಲಿಲ್ಲ. ನಮ್ಮನ್ನು ಅಂಗಡಿಯ ಹಿಂದಕ್ಕೆ ಕರೆದುಕೊಂಡು ಹೋದರು. ಗೋಡೆಯ ಮೇಲೊಂದು ಫೋಟೋ. ನದಿಯ ಮೇಲಿನ ಮನೆ, ನೀರಿನಲ್ಲಿ ತಿರುಗುವ ಸಾಣೆಕಲ್ಲು, ಅದರ ಮೇಲೆ ಅಡ್ಡ ಹಾಕಿದ ಹಲಗೆ. ಹಲಗೆಯ ಮೇಲೆ ಒಬ್ಬ ಗಂಡಸು ಬೋರಲು ಮಲಗಿ ಕಲ್ಲಿಗೆ ಚಾಕು ಒತ್ತಿ ಹಿಡಿದಿದ್ದಾನೆ. ಅವನ ಕಾಲಿನ ಮೇಲೆ ಒಂದು ನಾಯಿ ಕೂತಿದೆ. ಆಕೆಯ ಅಪ್ಪ. ಊರಿನ ಸಾಣೆಯವರೆಲ್ಲ ಹೀಗೆ ಮಲಗಿಯೇ ಕೆಲಸ ಮಾಡುತ್ತಿದ್ದರಂತೆ. ನೀರಿನ ಚಳಿಗೆ ಕಾಲು ಮರಗಟ್ಟದಿರಲಿ ಅಂತ ನಾಯಿಯನ್ನು ಮೇಲೆ ಕೂರಿಸಿಕೊಳ್ಳುತ್ತಿದ್ದರಂತೆ.

ಮಾವ ಫೋಟೋದ ಮುಂದೆ ಬಹಳ ಹೊತ್ತು ನಿಂತರು. "ನೋಡಿದ್ರಾ ರಾಯರೇ. ಕೆಲಸದಲ್ಲಿ ಜೊತೆಗಿರೋರು ಹೀಗಿರ್ಬೇಕು. ಒಂದ್ ಮಾತಿಲ್ಲ, ಕತೆಯಿಲ್ಲ. ಕಾಲಾದ್ರೂ ಬೆಚ್ಚಗಿಡತ್ತೆ. ನಾನೂ ಊರಿಂದ ಒಂದನ್ನ ಕರ್ಕೊಂಡ್ ಬಂದೆ."

"ಏನಂದರು?" ಅಂತ ಮದಾಮ್ ನನ್ನನ್ನು ಕೇಳಿದರು.

"ನಾಯಿ ಚೆನ್ನಾಗಿದೆ ಅಂದರು" ಅಂದೆ.

ಮದಾಮ್ ಸಾಣೆಕಲ್ಲು ತಂದು ಕೂತರು. ಅಪ್ಪನ ಚಾಕುವಿಗೆ ಮೊದಲ ಸಾಣೆ ಮಗಳ ಕೈಯಲ್ಲಿ ಆಯಿತು. ಒಂದೇ ಷರತ್ತು ಹಾಕಿದರು. ಚಾಕು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಆಕೆಯೂ ಬರುತ್ತಾರೆ.

ಮದುವೆ

ಬೆಳಿಗ್ಗೆ ಆರಕ್ಕೇ ಮದಾಮ್ ಸಭಾಂಗಣಕ್ಕೆ ಬಂದರು. ಹಿಂದೆ ಕೈಗಾಡಿಯಲ್ಲಿ ಚಾಕು. ಮಾವ ಅದನ್ನು ತೊಳೆದು, ಹಲಗೆಗೆ ಕುಂಕುಮವಿಟ್ಟು, ಒಂದು ಹೂ ಇಟ್ಟರು. ಮದಾಮ್ ಹಣೆಗೂ ಕುಂಕುಮ ಬೇಕೆಂದು ಕೇಳಿ ಇಡಿಸಿಕೊಂಡು, ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು, ಪರೀಕ್ಷೆಯ ಹಾಲಿನಲ್ಲಿ ಮೇಲ್ವಿಚಾರಕರು ಕೂರುವ ಹಾಗೆ.

ಮೊದಲ ಕುಂಬಳಕಾಯಿಗೆ ಮಾವ ಉಸಿರು ಹಿಡಿದರು. ರಾಯರೂ ಹಿಡಿದರು. ದೊಡ್ಡ ಕಾಯಿ, ಕಲ್ಲಿನಂಥ ಸಿಪ್ಪೆ. ಮಾವ ಎರಡೂ ಕೈಯಲ್ಲಿ ಎತ್ತಿ ಅಲಗಿನ ಮೇಲಿಟ್ಟು ಭುಜದಿಂದ ಭಾರ ಹಾಕಿದರು. ಕೀಲಿನ ಗೂಟ ಒಮ್ಮೆ ಕಿರ್ ಅಂದಿತು. ಮದಾಮ್ ಕುರ್ಚಿಯಿಂದ ಅರ್ಧ ಎದ್ದರು. ಗೂಟ ಸಡಿಲವಾದರೆ ಅಲಗು ಮುಂದಕ್ಕೆ ಬೀಳುತ್ತದೆ, ಕಾಯಿ ಮಾವನ ಕೈ ಸಮೇತ ಅದರ ಹಿಂದೆ ಹೋಗುತ್ತದೆ. ನಾನು ಯೋಚಿಸದೆ ಎದುರಿಗೆ ಹೋಗಿ ಬೋರಲು ಮಲಗಿದೆ. ಅಲಗಿನ ಬೆನ್ನಿಗೆ ಮಡಿಸಿದ ಗೋಣಿಚೀಲವೊಂದನ್ನು ಆನಿಸಿ, ಎರಡೂ ಕೈಯಲ್ಲಿ ಒತ್ತಿ ಹಿಡಿದೆ.

ಕಾಯಿ ಎರಡು ಹೋಳಾಗಿ ಆಚೆಗೊಂದು ಈಚೆಗೊಂದು ಬಿತ್ತು.

ಮಾವ ಹೋಳುಗಳನ್ನು ಪಕ್ಕಕ್ಕೆ ಸರಿಸಿದರು. ಮುಂದಿನ ಕಾಯಿ ಎತ್ತಿಕೊಂಡರು. ನಾನು ಏಳಲಿಲ್ಲ. ಆರೂ ಕಾಯಿ ಹಾಗೇ ಆಯಿತು, ಮಾವ ಕೂತು, ನಾನು ಮಲಗಿ. ಮೂರನೆಯದರ ಹೊತ್ತಿಗೆ ನನ್ನ ಕಾಲು ಆ ತಣ್ಣನೆಯ ನೆಲಕ್ಕೆ ಮರಗಟ್ಟಿತು. ಮದಾಮ್ ಎದ್ದು ಬಂದು ತಮ್ಮ ಶಾಲನ್ನು ಅದರ ಮೇಲೆ ಹೊದಿಸಿ, ಮತ್ತೆ ಹೋಗಿ ಕೂತರು. ನಾಲ್ಕು ಗಂಟೆಯ ಕಾಲ ನಾನು ಯಾರ ದನಿಯನ್ನೂ ಮಾಡಲಿಲ್ಲ. ಇದನ್ನು ನಮ್ಮ ಬೀದಿಯಲ್ಲಿ ಯಾರೂ ನಂಬುವುದಿಲ್ಲ.

ಹುಳಿ ಆಯಿತು. ಹುರುಳಿಕಾಯಿ ಪಲ್ಯ ಆಯಿತು, ಕೋಸಂಬರಿ ಆಯಿತು. ಫ್ರಾನ್ಸಿನವರು ಊಟಕ್ಕೆ ಎರಡೂವರೆ ಗಂಟೆ ತೆಗೆದುಕೊಂಡರು. ನಮ್ಮ ಛತ್ರಗಳಲ್ಲಾದರೆ ಅಷ್ಟರಲ್ಲಿ ನಾಲ್ಕು ಪಂಕ್ತಿ ಎದ್ದು ಹೋಗಿ, ಐದನೆಯವರು ನಮ್ಮ ಬೆನ್ನ ಹಿಂದೆ ನಿಂತು ಕೆಮ್ಮುತ್ತಿರುತ್ತಾರೆ. ಗಂಡಿನ ಅಜ್ಜ ಹುಳಿಯನ್ನು ಬಟ್ಟಲಿಗೆ ಹಾಕಿಸಿಕೊಂಡು ಚಮಚದಲ್ಲಿ ಕುಡಿದು, ಇನ್ನೊಂದು ಬಟ್ಟಲು ಕೇಳಿದರು. ವಸುಧಾ ಮೊದಲ ತುತ್ತು ಬಾಯಿಗಿಟ್ಟು ಅಡುಗೆಮನೆಯ ಬಾಗಿಲಿನ ಕಡೆ ನೋಡಿದಳು. ಮಾವ ತಲೆಯಾಡಿಸಿ ಒಳಗೆ ಹೋದರು. ರಾಯರು ಕಂಬದ ಹಿಂದೆ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಅವರ ಕನ್ನಡಕ ಆ ದಿನ ಬಹಳ ಸಲ ಕೊಳೆಯಾಯಿತು.

ಎಲ್ಲ ಮುಗಿದ ಮೇಲೆ ಮದಾಮ್ ಅಡುಗೆಮನೆಗೆ ಬಂದರು. ಕೈಗಾಡಿ ತಂದಿರಲಿಲ್ಲ. ಚಾಕುವಿನ ಹಲಗೆಯ ಮೇಲೆ ಒಮ್ಮೆ ಕೈಯಾಡಿಸಿ, ಮಾವನ ಕಡೆಗೆ ತಳ್ಳಿದರು. ತೆಗೆದುಕೊಂಡು ಹೋಗಿ, ಅಂಗಡಿಯಲ್ಲಿ ಅದಕ್ಕೆ ಕೆಲಸವಿಲ್ಲ, ಅಂದರು.

ನಮ್ಮ ಮನೆಯ ಗೋಡೆ, ಮೊಳೆ, ಕೆಳಗೆ ನಿಂತು ಬಾಯಿ ಬಿಡುವ ಗೆಳೆಯರು, ಎಲ್ಲ ಕಣ್ಣ ಮುಂದೆ ಬಂತು. ಮಾತನ್ನು ಕನ್ನಡಕ್ಕೆ ತಂದು ಹೇಳಿದೆ. ಹೇಳುವಷ್ಟರಲ್ಲಿ ರಾಯರು ಅಲ್ಲಿಲ್ಲ ಅನ್ನುವುದು ಗೊತ್ತಾಯಿತು. ಬೀಗರನ್ನು ಕಳಿಸಲು ಹೋಗಿದ್ದರು. ಮಾವನಿಗೂ ಗೊತ್ತಾಯಿತು. ಅವರು ಬಾಗಿಲ ಕಡೆ ಒಮ್ಮೆ ನೋಡಿದರು, ಗೋಡೆಯ ಕಡೆ ನೋಡಿದರು. ಬೇರೆ ಯಾರೂ ಸಿಗದೆ ನನ್ನ ಮುಖ ನೋಡಿದರು.

"ನೀನೇನಂತೀಯ? ತಗೊಳ್ಳೋಣ್ವಾ?"

ಮೂರು ದಿನದ ಮೇಲೆ ಮೊದಲ ಮಾತು, ಅದೂ ನನ್ನ ಅಭಿಪ್ರಾಯ ಕೇಳಿ. ಚಿಕ್ಕಂದಿನಿಂದ ನನ್ನ ಅಭಿಪ್ರಾಯವನ್ನು ಯಾರೂ ಕೇಳಿದವರಲ್ಲ. ಮದಾಮ್ ಕಡೆ ನೋಡಿದೆ. ಕುಂಕುಮ ಬೆವರಿಗೆ ಮೂಗಿನವರೆಗೆ ಇಳಿದಿತ್ತು. ಕೈ ಇನ್ನೂ ಹಲಗೆಯ ಮೇಲೇ ಇತ್ತು. ಕೊಡುವವರು ಹಾಗೆ ಹಿಡಿದುಕೊಂಡಿರುವುದಿಲ್ಲ.

"ಬೇಡ ಮಾವ," ಅಂದೆ. "ಇದು ಇಲ್ಲೇ ಇರ್ಲಿ. ಅಲಗು ಇಷ್ಟ್ ದಿನಕ್ಕೆ ಹರಿತ ಆಗಿದೆ, ಅವ್ರೂ ಏನಾದ್ರೂ ಹೆಚ್ಕೊಳ್ಳಲಿ."

ಮಾವ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು, ನಾನು ಯಾರ ದನಿಯಲ್ಲಿ ಹೇಳಿದೆ ಅಂತ ಪತ್ತೆ ಮಾಡುವ ಹಾಗೆ. ಯಾರದೂ ಅಲ್ಲ ಅಂತ ಗೊತ್ತಾಯಿತೇನೋ, ಹೆಗಲಿನ ಚೌಕ ತೆಗೆದು ನನ್ನ ಕೈಗೆ ಕೊಟ್ಟರು.

"ಸರಿ. ಹಾಗಾದ್ರೆ ಚೆನ್ನಾಗ್ ತೊಳೆದು, ಒರೆಸಿ, ಒಂಚೂರು ಎಣ್ಣೆ ಹಚ್ಚಿ ಕೊಡು. ಬೆರಳು ಜೋಪಾನ."

ತೊಳೆದೆ, ಒರೆಸಿದೆ, ಎಣ್ಣೆ ಹಚ್ಚಿದೆ, ಬೆರಳು ಕುಯ್ದುಕೊಂಡೆ. ಮಾವನಿಗೆ ಹೇಳಲಿಲ್ಲ. ಉಳಿದ ನಾಲ್ಕು ದಿನ ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡೇ ಅವರ ಜೊತೆ ಊರೆಲ್ಲ ಸುತ್ತಿದೆ, ಬಾಯಿ ತುಂಬ ಮಾತಾಡಿಕೊಂಡು.